ಬುಧವಾರ, ಶುಕ್ರವಾರ ಬಿಟ್ಟು

ಯಾಶಿ, ೨ ಫೆಬ್ರವರಿ ೨೦೧೪

ಕೊರೀನಾ,

ಅವಳು ಬೇಜಾರಾದರೆ ತಿಳಿಸು ಎಂದೆಯೋ, ಖುಷಿಯಾದರೆ ತಿಳಿಸು ಎಂದೆಯೋ, ಈಗ ನನಗೆ ನೆನಪಾಗುತ್ತಿಲ್ಲ. ಇಟಲಿಗೆ ಹೊರಟ ವ್ಯಾನಿನ ಕಿಟಕಿ ಇಳಿಸಿ ನೀನು ಹೇಳುತ್ತಿರುವಾಗಲೇ ಡ್ರೈವರ್ ನೆಲು ಎಂಜಿನ್ ಶುರುಮಾಡಿದ. ನಾನು ತಲೆಯಾಡಿಸಿದೆ. ಯಾವುದಕ್ಕೆ ತಲೆಯಾಡಿಸಿದೆನೋ ಗೊತ್ತಿಲ್ಲದ್ದರಿಂದ ಎರಡನ್ನೂ ತಿಳಿಸುತ್ತೇನೆ. ನಿನ್ನ ಮಗಳು ಬೇಜಾರಿನಲ್ಲಿಲ್ಲ. ಖುಷಿಯಲ್ಲೂ ಇಲ್ಲ. ಬೆಳಿಗ್ಗೆ ಏಳುತ್ತಾಳೆ, ಹಲ್ಲುಜ್ಜುತ್ತಾಳೆ, ಕಿಟಕಿಯ ಹತ್ತಿರ ಕೂತು ಟ್ರಾಮ್ ನೋಡುತ್ತಾಳೆ. ಹದಿನಾಲ್ಕರ ಹುಡುಗಿ ಇದಕ್ಕಿಂತ ಹೆಚ್ಚು ಏನಾದರೂ ಮಾಡಬೇಕೋ ಏನೋ. ಮದುವೆಯಾಗದ ಸೋದರಮಾವನಿಗೆ ಅದರ ಅಂದಾಜಿರುವುದಿಲ್ಲ.

ಫೋನಿರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಇದು ಯೊಲಾಂಡಾ ಮೇಡಂ ಅವರ ಅಪ್ಪಣೆ. ಮಾತ್ರೆ ಬರೆದುಕೊಡುವ ಡಾಕ್ಟರು ಬೇರೆ. ಇವರು ವಾರಕ್ಕೊಮ್ಮೆ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿಸುವವರು. ಕುಳ್ಳಗೆ, ದೊಡ್ಡ ಕನ್ನಡಕ. ಅಮ್ಮ ಬಂದ ತಕ್ಷಣ ಅವರಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿ, ನನ್ನ ಕಡೆ ನೋಡಿದರು. ಅವರು ನಕ್ಕು, ಕುರ್ಚಿಗಳನ್ನು ಜೋಡಿಸಿದರು. ನಿನಗೂ ಒಂದು ಕುರ್ಚಿ ಹಾಕಿಸಿದ್ದಾರೆ, ಅದು ಖಾಲಿ ಇರುತ್ತದೆ. ಸ್ಮರಾಂಡಾಳ ಅಪ್ಪನಿಗೆ ಹಾಕಿಸಲಿಲ್ಲ. ಯಾರೂ ಕೇಳಲೂ ಇಲ್ಲ.

"ತಾಯಿ ಇಟಲಿಯಲ್ಲಿರೋ ಮನೆಗಳನ್ನ ನಾನು ತುಂಬಾ ನೋಡಿದೀನಿ," ಎಂದರು. "ಫೋನಲ್ಲಿ ಎಲ್ರೂ ಚೆನ್ನಾಗೇ ಇರ್ತೀರಿ. ಕೈಯಲ್ಲಿ ಬರೆದು ಕಳಿಸಿ. ಬರೆಯುವಾಗ ಸುಳ್ಳು ಹೇಳೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ."

ಬೈಪೋಲಾರ್ ಎಂದರೆ ಏನೆಂದು ಅವರು ಮತ್ತೊಮ್ಮೆ ವಿವರಿಸಿದರು. ಅಕ್ಟೋಬರಿನಲ್ಲಿ ಅವಳು ನಿದ್ದೆಯಿಲ್ಲದೆ ಇಡೀ ಕಟ್ಟಡದ ಬಾಗಿಲುಗಳಿಗೆ ನೀಲಿ ಬಣ್ಣ ಬಳಿದಾಗ ನಾವು ನಕ್ಕಿದ್ದೆವು. ನವೆಂಬರಿನಲ್ಲಿ ಹಾಸಿಗೆ ಬಿಟ್ಟು ಏಳದಿದ್ದಾಗ ಚಳಿಗೆ ಎಂದುಕೊಂಡೆವು. ಎರಡೂ ಒಂದೇ ಕಾಯಿಲೆಯ ಎರಡು ಮುಖ ಎಂದು ಈಗ ಗೊತ್ತು. ಗೊತ್ತಾದ ಮೇಲೆ ಏನನ್ನು ನೋಡಿದರೂ ಯಾವ ಮುಖವೋ ಎಂಬ ಅನುಮಾನ. ಮನೆತನದಲ್ಲಿ ಇಂಥದ್ದು ಯಾರಿಗಾದರೂ ಇತ್ತೇ ಎಂದು ಕೇಳಿದರು. ಇಲ್ಲ ಎಂದೆ.

ಮನೆಯಲ್ಲಿ ಪ್ರತಿಯೊಬ್ಬರೂ ಒಂದೊಂದು ಕೆಲಸ ವಹಿಸಿಕೊಳ್ಳಬೇಕಂತೆ. ಲಿಥಿಯಂ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡುವುದು ನನ್ನ ಪಾಲು. ಊಟ ಮತ್ತು ನೀರು ಅಮ್ಮನ ಪಾಲು: ಈ ಮಾತ್ರೆಯ ಮೇಲಿರುವವರು ದಿನವೂ ಚೆನ್ನಾಗಿ ನೀರು ಕುಡಿಯಬೇಕಂತೆ, ಉಪ್ಪು ಒಮ್ಮೆಲೇ ಬಿಡಬಾರದಂತೆ. ಸ್ಮರಾಂಡಾ ದಿನದ ಕೊನೆಗೆ ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ ಇಡಬೇಕು, ಮನಸ್ಸು ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ. ನಿನ್ನ ಪಾಲಿಗೆ ಕಾಗದ ಬಂದಿದೆ.

ಒಕ್ತಾವ್

* * *

ಬ್ರೆಷಾ, ೧೩ ಫೆಬ್ರವರಿ ೨೦೧೪

ಅಣ್ಣಾ,

ನಿನ್ನ ಕಾಗದ ನಿನ್ನ ನೀರು ಸರಬರಾಜು ಕಚೇರಿಯ ವರದಿಯ ಹಾಗಿತ್ತು. ಎದ್ದಳು, ಹಲ್ಲುಜ್ಜಿದಳು. ನಾನು ನೋಡಿಕೊಳ್ಳುವ ಮುದುಕಿ ಎರ್ನೆಸ್ತೀನಾ ಬಗ್ಗೆ ಅವರ ಮಗನಿಗೆ ನಾನೂ ದಿನಾ ಇದೇ ಹೇಳುತ್ತೇನೆ: ಎದ್ದರು, ಹಲ್ಲುಜ್ಜಿದರು. ಹಲ್ಲು ಡಬ್ಬಿಯಲ್ಲಿರುತ್ತದೆ, ಅದು ಬೇರೆ ಮಾತು.

ಮತ್ತೆ, ವ್ಯಾನಿನಿಂದ ನಾನು ಹೇಳಿದ್ದು ನೀನು ಅಂದುಕೊಂಡ ಎರಡೂ ಅಲ್ಲ. ಅವಳ ಚಳಿಗಾಲದ ಬೂಟಿನ ಜಿಪ್ ಕಿತ್ತುಹೋಗಿದೆ, ಹಾಕಿಸು ಎಂದೆ. ಹಾಕಿಸಿದೆಯಾ?

ಫೋನಿನಲ್ಲಿ ಅವಳು ನನ್ನ ಜೊತೆ ನಗುತ್ತಾಳೆ. ನೀನು ಖುಷಿಯಲ್ಲಿಲ್ಲ ಎನ್ನುತ್ತೀಯ. ಹಾಗಾದರೆ ಆ ನಗು ಯಾರದು? ನನಗೋಸ್ಕರ ನಗುತ್ತಾಳೆ ಅಂತಾದರೆ ಅದು ಒಳ್ಳೆಯದೋ ಕೆಟ್ಟದ್ದೋ, ನಿಮ್ಮ ಮೇಡಂ ಅವರನ್ನು ಕೇಳು.

ಮನೆತನದಲ್ಲಿ ಯಾರೂ ಇಲ್ಲ ಎಂದೆಯಾ? ಅಪ್ಪ ದೋಣಿ ತಂದದ್ದು ಮರೆತೆಯಾ? ನಾಲ್ಕನೇ ಮಹಡಿಯ ಮನೆಗೆ, ಮೆಟ್ಟಿಲ ಮೇಲೆ, ಅಕ್ಕಪಕ್ಕದವರೆಲ್ಲ ಹೊತ್ತು. ನಾವು ಆ ಇಡೀ ವಸಂತ ದೋಣಿಯೊಳಗೆ ಮಲಗಿದೆವು. ನನ್ನ ಬಾಲ್ಯದಲ್ಲಿ ಅಷ್ಟು ಚೆಂದದ ದಿನಗಳು ಬೇರೆ ಇಲ್ಲ. ಅದನ್ನು ಕಾಯಿಲೆ ಎನ್ನಲು ನನಗೂ ಮನಸ್ಸಿಲ್ಲ. ಆದರೆ ನೀನು ಯೋಚಿಸಿ 'ಇಲ್ಲ' ಎಂದೆಯೋ, ಯೋಚಿಸದೆಯೇ ಎಂದೆಯೋ ತಿಳಿಯಬೇಕಿತ್ತು.

ನನ್ನ ಪಾಲಿಗೆ ಬರೀ ಕಾಗದ ಕೊಟ್ಟಿರಿ. ಇಲ್ಲಿಂದ ಇನ್ನೇನು ಮಾಡಬಹುದೋ ಅದನ್ನೂ ಮಾಡುತ್ತೇನೆ. ಅಮ್ಮನ ಜೊತೆ ಮಾತಾಡಿದ್ದೇನೆ. ಅದು ನಮ್ಮ ಹೆಂಗಸರ ವಿಷಯ, ನೀನು ಕೇಳಬೇಡ.

ಕೊರೀನಾ

* * *

ಯಾಶಿ, ೧೨ ಮಾರ್ಚ್ ೨೦೧೪

ಕೊರೀನಾ,

ಜಿಪ್ ಹಾಕಿಸಿದೆ, ಹಿಮ ಕರಗಿದ ಮೇಲೆ.

ದೋಣಿಯ ವಿಷಯ: ಅದನ್ನು ಮೆಟ್ಟಿಲು ಹತ್ತಿಸಿದ್ದು ನಿನಗೆ ನೆನಪಿದೆ, ಇಳಿಸಿದ್ದು ನನಗೆ. ಅಪ್ಪ ಆಗ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಿನ್ನನ್ನು ದೊಡ್ಡಮ್ಮನ ಮನೆಗೆ ಕಳಿಸಿದ್ದರು, ಹಾಗಾಗಿ ನಿನ್ನ ವಸಂತ ಅಲ್ಲಿಗೇ ನಿಂತಿತು. ಮುಂದಿನ ಭೇಟಿಯಲ್ಲಿ ಯೊಲಾಂಡಾ ಮೇಡಂ ಅವರಿಗೆ ಹೇಳಿದೆ. ಅವರು ಬರೆದುಕೊಂಡರು. ಅಮ್ಮ ಮಾತ್ರ, "ಅವ್ರು ಧಾರಾಳ ಮನುಷ್ಯ, ಅಷ್ಟೇ," ಎಂದು ಚೀಲದ ಗುಂಡಿ ಹಾಕಿದರು.

ಈಸ್ಟರಿನ ಮುಂಚಿನ ಉಪವಾಸದ ಕಾಲ ಶುರುವಾಗಿದೆ. ಮನೆ ತುಂಬ ಬೇಯಿಸಿದ ಬೀನ್ಸು ಮತ್ತು ಹುಳಿ ಎಲೆಕೋಸಿನ ವಾಸನೆ. ಇವತ್ತು ಬುಧವಾರ, ಅದರಲ್ಲೂ ಒಲೆಯೇ ಹಚ್ಚಿಲ್ಲ. ನಾನು ಕಚೇರಿಯ ಕ್ಯಾಂಟೀನಿನಲ್ಲಿ ಸಾಸೇಜ್ ತಿಂದು ಬಂದೆ. ಅಮ್ಮ ಬಾಗಿಲಲ್ಲೇ ಮೂಸಿದರು, ಏನೂ ಅನ್ನಲಿಲ್ಲ. ಅನ್ನದಿರುವುದೂ ಉಪವಾಸದ ಭಾಗವಿರಬೇಕು.

ಸ್ಮರಾಂಡಾ ಅರ್ಧ ದಿನ ಶಾಲೆಗೆ ಹೋಗುತ್ತಿದ್ದಾಳೆ. ಅವಳ ಚುಕ್ಕೆಗಳನ್ನು ಸೇರಿಸಿದರೆ ಗೆರೆ ಹೆಚ್ಚು ಕಡಿಮೆ ಸಮನಾಗಿದೆ. ಕಳೆದ ಭೇಟಿಯಲ್ಲಿ ಮೇಡಂ ಅಮ್ಮನನ್ನು ಕೇಳಿದರು, ಹುಡುಗಿಗೆ ಕೋಪ ಬಂದಾಗ ನೀವೇನು ಮಾಡುತ್ತೀರಿ ಎಂದು.

"ನಾನೂ ಕೋಪ ಮಾಡ್ಕೋತೀನಿ," ಎಂದರು ಅಮ್ಮ. "ನಮ್ಮನೇಲಿ ಬೇರೆ ಪದ್ಧತಿ ಇಲ್ಲ."

ಸ್ಮರಾಂಡಾ ಜೋರಾಗಿ ನಕ್ಕಳು. ನಾವು ಮೂವರೂ ತಿರುಗಿ ಅವಳನ್ನು ನೋಡಿದೆವು, ಎಷ್ಟು ಜೋರು, ಎಷ್ಟು ಹೊತ್ತು ಎಂದು ಅಳೆಯುವವರ ಹಾಗೆ. ಅವಳು ಬಾಯಿ ಮುಚ್ಚಿದಳು. "ಹೀಗೆ ನೋಡ್ತಾ ಕೂತ್ರೆ ಯಾರಿಗೆ ನಗು ಬರುತ್ತೆ ಮಾಮಾ?" ಎಂದಳು. ಆಮೇಲೆ ಎದ್ದು ಹೋಗಿ ನಿನ್ನ ಖಾಲಿ ಕುರ್ಚಿಯಲ್ಲಿ ಕೂತಳು. ಅದರ ಅರ್ಥ ನನಗೆ ತಿಳಿಯಲಿಲ್ಲ. ಕಿಟಕಿಯ ಗಾಳಿ ತಪ್ಪಿಸಿಕೊಳ್ಳಲೂ ಇರಬಹುದು.

ಅಜ್ಜಿ ಮೊಮ್ಮಗಳು ಈಗ ಬಹಳ ಹೊಂದಿಕೊಂಡಿದ್ದಾರೆ. ಏನೋ ಪಿಸುಗುಟ್ಟುತ್ತಾರೆ, ನಾನು ಹೋದರೆ ನಿಲ್ಲಿಸುತ್ತಾರೆ. ಬುಧವಾರ, ಶುಕ್ರವಾರ ಸಂಜೆ ಕೈಹಿಡಿದುಕೊಂಡು ಚರ್ಚಿಗೆ ಹೋಗುತ್ತಾರೆ. ಬಂದ ಮೇಲೆ ಅವಳು ಸುಸ್ತಾಗಿ, ಶಾಂತವಾಗಿ ಇರುತ್ತಾಳೆ. ಕಾಫಿ ಲೋಟ ಹಿಡಿದಾಗ ಬೆರಳು ಸ್ವಲ್ಪ ನಡುಗುತ್ತದೆ, ತುಟಿ ಒಡೆದಿದೆ. ಮಾರ್ಚಿನ ಗಾಳಿ. ಅವರಿಬ್ಬರಿಗೂ ಸೇರಿ ಮಾಡಲು ಏನೋ ಒಂದು ಸಿಕ್ಕಿದೆಯಲ್ಲ ಎಂದು ನಾನು ಕೇಳಲು ಹೋಗಿಲ್ಲ. ನೀನೂ ಕೇಳಬೇಡ ಎಂದಿದ್ದೆ.

ಒಕ್ತಾವ್

* * *

ಬ್ರೆಷಾ, ೨೧ ಮಾರ್ಚ್ ೨೦೧೪

ಅಣ್ಣಾ,

ಬೆರಳು ನಡುಗುತ್ತದೆ ಎಂದು ನೀನು ಕಾಗದದ ಕೊನೆಯಲ್ಲಿ, ಹವಾಮಾನದ ಜೊತೆ ಸೇರಿಸಿ ಬರೆದಿದ್ದೀಯ. ನಾನು ಅದೊಂದೇ ಸಾಲನ್ನು ಓದುತ್ತಿದ್ದೇನೆ. ಇಲ್ಲಿ ಭಾನುವಾರ ಪಾರ್ಕಿನಲ್ಲಿ ನಮ್ಮ ಕಡೆಯ ಹೆಂಗಸರೆಲ್ಲ ಸೇರುತ್ತೇವಲ್ಲ, ಅಲ್ಲಿ ಹೇಳಿದೆ. ಒಬ್ಬಳು, ಅದು ಮಾತ್ರೆಯಿಂದಲೇ ಎಂದಳು. ಇನ್ನೊಬ್ಬಳು, ಮಕ್ಕಳನ್ನು ಹೀಗೆ ಮರಗಟ್ಟಿಸಿ 'ವಾಸಿಯಾಯಿತು' ಎನ್ನುತ್ತಾರೆ ಎಂದಳು. ಅವರಿಗೆ ಏನು ಗೊತ್ತು ಎಂದು ನೀನು ಹೇಳುತ್ತೀಯ. ಸರಿ, ನಿನಗೆ ಏನು ಗೊತ್ತು?

ಮಾತ್ರೆಯನ್ನು ಅರ್ಧ ಮಾಡಿ ಕೊಡು. ನಿಮ್ಮ ಯೊಲಾಂಡಾಗೂ ಡಾಕ್ಟರಿಗೂ ಹೇಳಬೇಡ. ಅವಳು ಶಾಂತವಾಗಿರುವುದು ಮಾತ್ರೆಯಿಂದಲ್ಲ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅನ್ನಿಸುತ್ತದೆ ಎಂದು ಈಗ ಹೇಳುವ ಹಾಗಿಲ್ಲ.

ಇವತ್ತು ಶುಕ್ರವಾರ. ಎರ್ನೆಸ್ತೀನಾ ಊಟ ಮಾಡುತ್ತಾ ಚಮಚವನ್ನು ನನ್ನ ಕಡೆ ಚಾಚಿ, "ನೀನೂ ತಿನ್ನು, ಒಣಗಿ ಹೋಗ್ತೀಯ," ಎನ್ನುತ್ತಾರೆ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದೇವೋ.

ಕೊರೀನಾ

* * *

ಯಾಶಿ, ೫ ಏಪ್ರಿಲ್ ೨೦೧೪

ಕೊರೀನಾ,

ಫೋನಿನಲ್ಲಿ ಹೊಟ್ಟೆ ಕೆಟ್ಟಿದೆ ಎಂದೆ. ಅದು ಪೂರ್ತಿ ನಿಜವಲ್ಲ.

ನಿನ್ನೆ ಮಧ್ಯಾಹ್ನ ಸ್ಮರಾಂಡಾ ಶಾಲೆಯಿಂದ ಬರುವಾಗ ಟ್ರಾಮಿನಲ್ಲಿ ಬಿದ್ದಳು. ವಾಂತಿ ಮಾಡಿಕೊಂಡಳು. ಎದ್ದರೆ ಕಾಲು ನಿಲ್ಲುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಈ ವಯಸ್ಸಿಗೇ ಕುಡಿದಿದೆ ಎಂದು ಒಬ್ಬ ಹೆಂಗಸು ಬೈದರಂತೆ. ಟ್ರಾಮ್ ಓಡಿಸುವವನು ಅವಳ ಫೋನು ತೆಗೆದು ನನಗೆ ಹೇಳಿದ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಲಿಥಿಯಂ ಇರಬೇಕಾದ್ದಕ್ಕಿಂತ ತುಂಬ ಹೆಚ್ಚಾಗಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಎಷ್ಟು ಕೊಟ್ಟಿರಿ ಎಂದು ಕೇಳಿದರು. ಹೇಳಿದಷ್ಟೇ ಎಂದೆ. ಅವರು ನಂಬಲಿಲ್ಲ. ಸ್ವಲ್ಪ ಹೊತ್ತು ನನಗೂ ನಂಬಿಕೆ ಹೋಯಿತು. ಆಮೇಲೆ ಅದಕ್ಕಿಂತ ಕೆಟ್ಟ ಯೋಚನೆ ಬಂತು, ಅವಳೇ ಒಂದು ಹಿಡಿ ನುಂಗಿದಳೇನೋ ಎಂದು. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ. ಡಾಕ್ಟರು ಕೇಳಿದರು. ಅವಳು ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. ಅವಳು ಉತ್ತರ ಕೊಟ್ಟಳು. ನೀರು ಕಡಿಮೆಯಾಗಿ ಹೀಗಾಯಿತು ಎಂದು ಡಾಕ್ಟರು ನನಗೆ ಹೇಳಿದರು.

ಸಲೈನ್ ಹಾಕಿದ್ದಾರೆ. ಜೀವಕ್ಕೆ ಭಯವಿಲ್ಲ. ನಿದ್ದೆ ಮಾಡುತ್ತಿದ್ದಾಳೆ. ಮಾತ್ರೆ ಸದ್ಯಕ್ಕೆ ನಿಲ್ಲಿಸಿದ್ದಾರೆ.

ನೀನು ಹೇಳಿದ ಹಾಗೆ ಅರ್ಧ ಮಾಡಿರಲಿಲ್ಲ. ಮಾಡಿದ್ದರೆ ಬಹುಶಃ ಅವಳು ಬೀಳುತ್ತಿರಲಿಲ್ಲ. ಆಗ ನೀನು ಹೇಳಿದ್ದೇ ಸರಿ ಎಂದು ನಾವೆಲ್ಲ ಒಪ್ಪಿಕೊಂಡುಬಿಡುತ್ತಿದ್ದೆವು, ಯಾವುದು ಏನು ಎಂದು ತಿಳಿಯದೆಯೇ. ಅವಳು ಕೊಟ್ಟ ಉತ್ತರ ಏನೆಂದು ಇನ್ನೊಮ್ಮೆ ಬರೆಯುತ್ತೇನೆ.

ಒಕ್ತಾವ್

* * *

ಬ್ರೆಷಾ, ೭ ಏಪ್ರಿಲ್ ೨೦೧೪

ಅಣ್ಣಾ,

ನಿನ್ನ ಕಾಗದ ಇನ್ನೂ ಬಂದಿಲ್ಲ, ಆದರೂ ಮನಸ್ಸು ತಡೆಯದೆ ಬರೆಯುತ್ತಿದ್ದೇನೆ. ನಿನ್ನೆ ಅವಳ ಜೊತೆ ಮಾತಾಡಿದೆ. ಹೊಟ್ಟೆ ಕೆಟ್ಟು ಸೊರಗಿದ್ದಾಳೆ, ಸರಿ. ಆದರೆ ಆ ದನಿ ಎಷ್ಟು ನಿಧಾನವಾಗಿತ್ತು. ಅಕ್ಟೋಬರಿನ ಆ ಓಡುವ ಮಾತು ಇಲ್ಲ, ನವೆಂಬರಿನ ಸತ್ತ ಮಾತೂ ಇಲ್ಲ. "ಅಮ್ಮಾ, ನಾನು ಒಂದ್ ದಿನಾನೂ ತಪ್ಪಿಸಿಲ್ಲ," ಎಂದಳು. ನಾನು ಬಚ್ಚಲುಮನೆಗೆ ಹೋಗಿ ಅತ್ತೆ.

ಈಗ ಹೇಳುತ್ತೇನೆ, ಫಲ ಕಾಣುತ್ತಿರುವುದರಿಂದ. ಉಪವಾಸದ ಮೊದಲ ವಾರದಿಂದ ಅಮ್ಮ, ನಾನು, ಸ್ಮರಾಂಡಾ ಮೂವರೂ ಬುಧವಾರ ಮತ್ತು ಶುಕ್ರವಾರ ಕರಿ ಉಪವಾಸ ಹಿಡಿದಿದ್ದೇವೆ. ಸಂಜೆ ಚರ್ಚಿನ ಗಂಟೆ ಹೊಡೆಯುವವರೆಗೆ ಒಂದು ತುತ್ತಿಲ್ಲ, ಒಂದು ಹನಿ ನೀರಿಲ್ಲ. ಆಮೇಲೂ ಉಪ್ಪಿಲ್ಲದ ಆಲೂಗಡ್ಡೆ. ನೀನು ಹುಟ್ಟಿ ಉಸಿರಾಡದೆ ಇದ್ದಾಗ ನಮ್ಮ ಅಜ್ಜಿ ಹಿಡಿದದ್ದೂ ಇದನ್ನೇ. ಅಮ್ಮ ಮೊದಲು ತಾವೊಬ್ಬರೇ ಮಾಡುತ್ತೇನೆ ಎಂದರು. ನಾನೇ ಹೇಳಿದೆ, ಹುಡುಗಿಯೂ ತನಗಾಗಿ ಹಿಡಿಯಲಿ, ಬರೀ ನಾವು ಬೇಡಿಕೊಂಡರೆ ಸಾಲದು ಎಂದು. ಅವಳಿಗೂ ನಾನೇ ಫೋನಿನಲ್ಲಿ ಹೇಳಿದ್ದು. ಹರಕೆ ಅವಳು ವಾಸಿಯಾಗುವವರೆಗೆ, ಅದು ಮುಗಿಯುವ ತನಕ ಬಾಯಿಬಿಡಬಾರದು, ಅದರಲ್ಲೂ ನಿನ್ನ ಹತ್ತಿರ. ನೀನು ನಗುತ್ತಿದ್ದೆ. ಜೋರಾಗಿ ನಗುವುದಿಲ್ಲ ನೀನು, ಹುಬ್ಬು ಮಾತ್ರ ಏರಿಸುತ್ತೀಯ, ಅದು ಇನ್ನೂ ಕೆಟ್ಟದ್ದು.

ಇನ್ನೊಂದು ಹೇಳಲೇ? ನಾನು ಇಲ್ಲಿಗೆ ಬಂದ ಮೇಲೆ, ಅವಳು ಊಟ ಮಾಡುವಾಗ ನಾನು ಮುದುಕಿಗೆ ಸ್ನಾನ ಮಾಡಿಸುತ್ತಿರುತ್ತೇನೆ, ನಾನು ಎದ್ದಾಗ ಅವಳು ಶಾಲೆಯಲ್ಲಿರುತ್ತಾಳೆ. ಈ ಎರಡು ದಿನ ಮಾತ್ರ ನಾವು ಒಟ್ಟಿಗೆ ಒಂದು ಕೆಲಸ ಮಾಡುತ್ತೇವೆ. ಬಾಯಾರಿದಾಗ, ಅವಳಿಗೂ ಈಗ ಹೀಗೇ ಬಾಯಾರಿದೆ ಎಂದುಕೊಳ್ಳುತ್ತೇನೆ. ಅಷ್ಟು ಹತ್ತಿರ ನಾನು ಅವಳಿಗೆ ಇದ್ದದ್ದೇ ಇಲ್ಲ.

ಕೊರೀನಾ

* * *

ಯಾಶಿ, ೧೪ ಏಪ್ರಿಲ್ ೨೦೧೪

ಕೊರೀನಾ,

ನಿನ್ನ ಕಾಗದವೂ ನನ್ನದೂ ಹಂಗೇರಿಯಲ್ಲಿ ಎಲ್ಲೋ ಎದುರುಬದುರಾಗಿ ಹೋಗಿರಬೇಕು. ವ್ಯಾನಿನ ನೆಲುವಿನ ಕೈಯಿಂದ ನಿನ್ನದನ್ನು ಪಡೆದು, ರಸ್ತೆಯಲ್ಲೇ ನಿಂತು ಓದಿದೆ. ಓದುವ ಮೊದಲೇ ನನಗೆ ಗೊತ್ತಿತ್ತು. ಡಾಕ್ಟರು ಕೇಳಿದ ಪ್ರಶ್ನೆ, "ನೀರು ಸರಿಯಾಗಿ ಕುಡೀತಿದ್ದೀಯಾ?" ಅವಳ ಉತ್ತರ, "ಬುಧವಾರ, ಶುಕ್ರವಾರ ಬಿಟ್ಟು."

ಎಷ್ಟು ಸಹಜವಾಗಿ ಹೇಳಿದಳೆಂದರೆ, ಭಾನುವಾರ ಬಿಟ್ಟು ಅಂಗಡಿ ತೆರೆದಿರುತ್ತದೆ ಎನ್ನುವ ಹಾಗೆ. ಮೈಯಲ್ಲಿ ನೀರೂ ಉಪ್ಪೂ ಇಳಿದರೆ ಆ ಮಾತ್ರೆ ಹೊರಗೆ ಹೋಗದೆ ಒಳಗೇ ಸೇರುತ್ತಾ ಹೋಗುತ್ತದೆ, ವಿಷವಾಗುತ್ತದೆ. ನಾನು ಸರಿಯಾಗಿ ಮಾತ್ರೆ ಕೊಟ್ಟೆ, ನೀವು ಸರಿಯಾಗಿ ಉಪವಾಸ ಮಾಡಿಸಿದಿರಿ. ನಾವು ಯಾರೂ ನಮ್ಮ ಪಾಲಿನಲ್ಲಿ ತಪ್ಪಲಿಲ್ಲ. ಅವಳ ಶಾಂತಿ ಎಂದು ನೀನು, ಮೇಡಂ, ನಾನು ಸಂತೋಷಪಟ್ಟದ್ದರಲ್ಲಿ ಎಷ್ಟು ಪಾಲು ಆ ವಿಷದ ಮಂಕು ಎಂದು ಈಗ ಯಾರಿಗೂ ಹೇಳಲಾಗುತ್ತಿಲ್ಲ.

ಮೇಡಂ ನಮ್ಮನ್ನು ಆಸ್ಪತ್ರೆಯ ಕೋಣೆಯಲ್ಲೇ ಕೂರಿಸಿಕೊಂಡರು. ಅಮ್ಮನಿಗೆ ಮೆತ್ತಗೆ ಕೇಳಿದರು, ನೀರಿನ ವಿಷಯ ಮೊದಲ ದಿನವೇ ಹೇಳಿದ್ದೆನಲ್ಲ ಎಂದು.

"ದಿನಾ ಕೊಡಿ ಅಂದ್ರಿ, ದಿನಾ ಕೊಟ್ಟೆ," ಎಂದರು ಅಮ್ಮ. "ಆ ಎರಡು ದಿನ ದೇವರವು. ಅವು ನಮ್ಮ ದಿನಗಳ ಲೆಕ್ಕಕ್ಕೆ ಬರುತ್ತವಾ ತಾಯಿ?"

ಅಷ್ಟರಲ್ಲಿ ಸ್ಮರಾಂಡಾ, "ಅಜ್ಜೀನ ಬೈಬೇಡಿ," ಎಂದಳು. ಇಷ್ಟು ದಿನಗಳಲ್ಲಿ ಎಲ್ಲರೂ ತನಗೆ ಏನೋ ಒಂದು ಮಾಡುತ್ತಿದ್ದಾರಂತೆ: ಮಾತ್ರೆ ಕೊಡುತ್ತಾರೆ, ರಕ್ತ ತೆಗೆಯುತ್ತಾರೆ, ನಗುವನ್ನು ಅಳೆಯುತ್ತಾರೆ. ಅದನ್ನೆಲ್ಲ ಹೇಳಿ, ನನ್ನ ಕಡೆ ತಿರುಗಿ, "ಅದೊಂದೇ ಮಾಮಾ, ನಾನೂ ಸೇರಿ ಮಾಡಿದ್ದು. ಅಮ್ಮನ ಜೊತೆ," ಎಂದಳು.

ಈಗ ನಿಜವಾದ ಕಷ್ಟ ಕೇಳು. ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುಮಾಡಬೇಕು ಎನ್ನುತ್ತಾರೆ ಡಾಕ್ಟರು. ಅವಳು ಒಲ್ಲೆ ಎನ್ನುತ್ತಾಳೆ. ಅಮ್ಮ ಅವಳ ಪಕ್ಷ: ಕೆಟ್ಟದ್ದು ಮಾತ್ರೆ, ಉಪವಾಸ ಅಲ್ಲ. ಬಲವಂತವಾಗಿ ಬಾಯಿಗೆ ಹಾಕುವ ವಯಸ್ಸೂ ಅಲ್ಲ, ಹಾಗೆ ಹಾಕಿದರೆ ನಿಲ್ಲುವುದೂ ಇಲ್ಲ. ಮನೆಗೆ ಬಂದ ಮೇಲೆ ಚುಕ್ಕೆಗಳು ಮೇಲಕ್ಕೆ ಹೋಗುತ್ತಿವೆ. ಈಸ್ಟರಿನ ಮೊಟ್ಟೆಗೆ ಬಣ್ಣ ಹಾಕುತ್ತಿದ್ದಾಳೆ. ಮೊಣಕೈವರೆಗೂ ಕೆಂಪು. ನಮ್ಮ ಮನೆಯದು ಮುಗಿಸಿ ಪಕ್ಕದ ಮನೆಯವರದ್ದೂ ತಂದಿದ್ದಾಳೆ, ಹಾಡುತ್ತಿದ್ದಾಳೆ, ಒಂದೊಂದರ ಮೇಲೂ ಬೇರೆ ಬೇರೆ ಹಕ್ಕಿ. ಚೆನ್ನಾಗಿವೆ. ಹಬ್ಬದ ವಾರದಲ್ಲಿ ಹುಡುಗಿ ಹಾಡಿದರೆ ಅದು ಹಬ್ಬ. ನಾನು ಬಾಗಿಲಲ್ಲಿ ನಿಂತು ಅದು ಹಬ್ಬವೋ, ಅಕ್ಟೋಬರೋ ಎಂದು ನೋಡುತ್ತಿರುತ್ತೇನೆ. ನಾನು ನೋಡುತ್ತಿರುವುದು ಅವಳಿಗೆ ಗೊತ್ತು.

ಅವಳಿಗೆ ನಾನು ಹೇಳಿದರೆ ಆಗುವುದಿಲ್ಲ. ಉಪವಾಸ ಹಿಡಿಸಿದವಳು ನೀನು.

ಒಕ್ತಾವ್

* * *

ಬ್ರೆಷಾ, ೨೩ ಏಪ್ರಿಲ್ ೨೦೧೪

ಅಣ್ಣಾ,

ಎರಡು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ, ಹೇಗಿದ್ದರೂ ಕಳಿಸುತ್ತೇನೆ.

ಆಸ್ಪತ್ರೆಯ ವಿಷಯ ಬರೆದ ನಿನ್ನ ಕಾಗದ ಬಂದ ದಿನ ನಾನು ಫೋನ್ ಮಾಡಿದೆನಲ್ಲ, ಆಗ ನೀನು 'ನೀರು ಕಡಿಮೆಯಾಯಿತು' ಎಂದೆ. ಯಾಕೆ ಕಡಿಮೆಯಾಯಿತು ಎಂದು ನಾನು ಕೇಳಲಿಲ್ಲ. ಆ ಹೊತ್ತಿಗೆ ನಿನಗೆ ಗೊತ್ತಿತ್ತು, ನನಗೂ ಗೊತ್ತಾಗಿತ್ತು. ನಾವಿಬ್ಬರೂ ಹಬ್ಬದ ಸಿಹಿ ಬ್ರೆಡ್ಡಿಗೆ ವಾಲ್‌ನಟ್ ಹಾಕಬೇಕೋ ಗಸಗಸೆಯೋ ಎಂದು ಮಾತಾಡಿದೆವು. ಗಸಗಸೆ ಎಂದೆ ನಾನು. ಅದು ನೆನಪಿದೆ.

ನಿನ್ನ ಮೇಲೆ ಕೋಪವಿದೆ. ಮೂರು ಜನ ಹೆಂಗಸರು ಒಣಗುತ್ತಿದ್ದರೆ, ಅದರಲ್ಲಿ ಇಬ್ಬರು ನಿನ್ನ ಕಣ್ಣೆದುರಿಗೇ, ನೀನು ಗಾಳಿ ಎಂದೆ. ಕೇಳಬೇಡ ಎಂದದ್ದು ನಾನೇ, ಅದೂ ಗೊತ್ತು. ನೀನು ಒಂದು ಸಲವಾದರೂ ನನ್ನ ಮಾತು ಮೀರಬಾರದಿತ್ತೇ? ಅಮ್ಮನ ಮೇಲೆ ಕೋಪ ಮಾಡಿಕೊಳ್ಳಲು ಆಗುತ್ತಿಲ್ಲ. ನನ್ನ ಮೇಲೆ ಮಾಡಿಕೊಂಡರೆ ಇಲ್ಲಿ ಕೆಲಸ ಮಾಡಲಾಗುವುದಿಲ್ಲ.

ಬರಬೇಕು ಎಂದು ಎರ್ನೆಸ್ತೀನಾ ಅವರ ಮಗನನ್ನು ಕೇಳಿದೆ. ಆಗಸ್ಟಿನವರೆಗೆ ಬೇರೆ ಜನ ಇಲ್ಲ ಎಂದ. ಒಳ್ಳೆಯವನೇ.

ಅವಳಿಗೆ ಹೇಳು. ಇಲ್ಲ, ಹೇಳಬೇಡ, ಮುಂದಿನ ಭೇಟಿಯಲ್ಲಿ ನನ್ನನ್ನು ಫೋನಿನಲ್ಲಿ ಕೂರಿಸಿ, ಆ ಖಾಲಿ ಕುರ್ಚಿಯ ಮೇಲೆ ಇಡಿ. ನಾನೇ ಹೇಳುತ್ತೇನೆ. ಏನು ಹೇಳುತ್ತೇನೆ ಎಂದು ಗೊತ್ತಿಲ್ಲ.

ಕೊರೀನಾ

* * *

ಯಾಶಿ, ೪ ಮೇ ೨೦೧೪

ಕೊರೀನಾ,

ಭೇಟಿಯಲ್ಲಿ ನಡೆದದ್ದು ನಿನಗೆ ಕೇಳಿಸಿತು, ಕಾಣಿಸಲಿಲ್ಲ. ಕಾಣಿಸದೇ ಇದ್ದದ್ದನ್ನು ಬರೆಯುತ್ತೇನೆ.

ನೀನು "ತಪ್ಪು ನನ್ನದು ಮಗಳೇ, ಆ ಉಪವಾಸ ಬಿಟ್ಟುಬಿಡು," ಎಂದಾಗ ಸ್ಮರಾಂಡಾ ಕುರ್ಚಿಯ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡುತ್ತಿದ್ದಳು, ಕಾಲು ಕುಣಿಸುತ್ತಿದ್ದಳು, ಚುಕ್ಕೆಗಳು ಮೇಲಿರುವಾಗ ಅವಳು ಹಾಗೆ ಮಾಡುತ್ತಾಳೆ. ಅಮ್ಮ ಶಿಲುಬೆಯ ಗುರುತು ಮಾಡಿಕೊಂಡರು. ನಿನ್ನ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲದೆ ಹೋದಾಗ ಸಂಪರ್ಕ ಕಡಿದಿರಬೇಕೆಂದು ನಾನು ಫೋನು ಎತ್ತಿಕೊಳ್ಳಲು ಹೋದೆ. ಮೇಡಂ ನನ್ನ ಕೈ ತಡೆದರು.

"ಬಿಟ್ರೆ ಆಮೇಲೆ ಏನ್ ಮಾಡೋದು?" ಎಂದು ಅವಳು ಕೇಳಿದ್ದು ನಿನಗೆ ಕೇಳಿಸಿತು. ಕೇಳಿದ್ದು ನಿನ್ನನ್ನಲ್ಲ, ಮೇಡಂ ಅವರನ್ನು. ಮಾತ್ರೆ ತಗೋಬೇಕು ಎಂದರು ಅವರು. "ಒಬ್ಳೇನಾ?" ಎಂದಳು. ಬೇರೆಯವರಿಗೆ ಮಾತ್ರೆ ಕೊಡಲು ಬರುವುದಿಲ್ಲವಲ್ಲ ಎಂದು ಮೇಡಂ ನಕ್ಕರು. ಅವಳು ನಗಲಿಲ್ಲ.

"ಮಾತ್ರೆ ನನಗಿರ್ಲಿ. ನೀರು ಎಲ್ರೂ ಕುಡೀರಿ. ಅಮ್ಮನೂ.  ಅದೇ ಹೊತ್ತಿಗೆ, ದಿನಾ. ಬುಧವಾರ, ಶುಕ್ರವಾರಾನೂ."

ನೀನು ಹೂಂ ಎಂದೆ. ಆ ಹೂಂ ಆ ಸಣ್ಣ ಫೋನಿನಿಂದ ಬಂದಾಗ ಅಮ್ಮನ ಮುಖ ನೋಡಬೇಕಿತ್ತು. ಶುಕ್ರವಾರ ಎಂಬ ಮಾತಿಗೆ ತುಟಿ ಬಿಗಿಹಿಡಿದರು. ಹೊರಗೆ ಬಂದ ಮೇಲೆ ಟ್ರಾಮಿಗೆ ಕಾಯುತ್ತಾ, ಪಾದ್ರಿಯನ್ನು ಕೇಳಬೇಕು ಎಂದರು. ಕೇಳಿದರಂತೆ. ಔಷಧ ಔಷಧವೇ, ಕುಡಿಯಲಿ ಎಂದು ಅವರು ಹೇಳಿದ್ದಾರೆ. ಇಷ್ಟು ಸುಲಭವಾಗಿ ಹೇಳಿಬಿಟ್ಟದ್ದು ಅಮ್ಮನಿಗೆ ಹಿಡಿಸಿಲ್ಲ.

ಸಂಜೆ ಏಳು, ನಿನಗೆ ಆರು. ಮೊದಲ ದಿನ ನಾವು ಮೂವರೂ ಅಡುಗೆಮನೆಯಲ್ಲಿ ನಿಂತೆವು. ಅವಳು ಮಾತ್ರೆ ನಾಲಿಗೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಾ, "ಅಮ್ಮ ಕುಡೀತಿದಾಳೆ ಅಂತ ನಮಗೆ ಹೇಗ್ ಗೊತ್ತಾಗುತ್ತೆ?" ಎಂದಳು. ನನಗೆ ಗೊತ್ತಿಲ್ಲ ಎಂದೆ. ಅವಳಿಗೆ ಅಷ್ಟು ಸಾಕಾಯಿತೆಂದು ಕಾಣುತ್ತದೆ, ನುಂಗಿದಳು. ಸಾಕಾಗದೆ ನುಂಗಿರಲೂಬಹುದು. ಗೆರೆ ಇನ್ನೂ ಮೇಲಿದೆ. ಇಳಿಯಲು ಕೆಲವು ವಾರ ಬೇಕಂತೆ. ಇಳಿದು ಎಲ್ಲಿ ನಿಲ್ಲುತ್ತದೆ ಎಂದು ಡಾಕ್ಟರು ಹೇಳಲಿಲ್ಲ, ಆದರೆ ಈ ಸಲ ನಾನು ಕೇಳಿದೆ.

ಒಕ್ತಾವ್

* * *

ಬ್ರೆಷಾ, ೧೬ ಮೇ ೨೦೧೪

ಅಣ್ಣಾ,

ಕುಡಿಯುತ್ತಿದ್ದೇನೆ. ಆರಕ್ಕೆ ಸರಿಯಾಗಿ. ಅವಳಿಗೆ ಹೇಳು, ಅಥವಾ ಹೇಳಬೇಡ. ನೋಡದೆ ನಂಬುವುದನ್ನು ಅವಳು ನಮಗಿಂತ ಚೆನ್ನಾಗಿ ಕಲಿಯುತ್ತಿರಬಹುದು.

ಮೊದಲ ದಿನ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಗ್ಲಾಸು ಎತ್ತಿದಾಗ ಎರ್ನೆಸ್ತೀನಾ ನನಗೂ ಬೇಕು ಎಂದರು. ನಿಮಗೆ ಯಾಕೆ ಎಂದೆ. "ನೀನು ಯಾರಿಗೋಸ್ಕರ ಕುಡೀತಿದ್ದೀಯೋ ಅವರಿಗೋಸ್ಕರ," ಎಂದರು. ಈಗ ಆರು ಹೊಡೆಯುವ ಮೊದಲೇ ಕುರ್ಚಿ ಎಳೆದುಕೊಂಡು ಕೂತಿರುತ್ತಾರೆ. ಅವರಿಗೆ ಹುಡುಗಿಯ ಹೆಸರು ನೆನಪಿರುವುದಿಲ್ಲ, ದಿನಕ್ಕೊಂದು ಹೆಸರಿಡುತ್ತಾರೆ. ನಾನು ತಿದ್ದುವುದನ್ನು ಬಿಟ್ಟಿದ್ದೇನೆ.

ನಿನ್ನ ಕಾಗದ ಓದಿ ಸಮಾಧಾನವಾಯಿತು ಎಂದು ಬರೆಯಬೇಕು ಅನ್ನಿಸುತ್ತದೆ. ಆಗಿಲ್ಲ. ನಿನ್ನೆ ಫೋನಿನಲ್ಲಿ ಅವಳು ಬಹಳ ಮಾತಾಡಿದಳು, ಶಾಲೆಯ ಗೋಡೆಗೆ ಚಿತ್ರ ಬರೆಯುತ್ತಾಳಂತೆ, ಬೇಸಗೆಯಲ್ಲಿ ಈಜು ಕಲಿಯುತ್ತಾಳಂತೆ. ನಾನು ಕೇಳುತ್ತಾ ಕೇಳುತ್ತಾ ಮಾತಿನ ವೇಗ ಲೆಕ್ಕ ಹಾಕುತ್ತಿದ್ದೆ. ಈಜಿನ ಬಗ್ಗೆ ಅವಳು ಏನು ಹೇಳಿದಳೆಂದು ಆಮೇಲೆ ನೆನಪೇ ಆಗಲಿಲ್ಲ. ನೀನು ಬಾಗಿಲಲ್ಲಿ ನಿಂತು ನೋಡುತ್ತೇನೆ ಎಂದು ಬರೆದಿದ್ದೆಯಲ್ಲ, ನಾನು ಇಷ್ಟು ದೂರದಿಂದ ಅದನ್ನೇ ಮಾಡುತ್ತಿದ್ದೇನೆ.

ಇವತ್ತು ಶುಕ್ರವಾರ. ಮೊದಲಾದರೆ ಈ ಹೊತ್ತಿಗೆ ನಾಲಿಗೆ ಅಂಟುತ್ತಿತ್ತು, ತಲೆ ಸುತ್ತುತ್ತಿತ್ತು, ಆದರೆ ಏನು ಬೇಡಿಕೊಳ್ಳಬೇಕು ಎಂಬುದರಲ್ಲಿ ಗೊಂದಲ ಇರಲಿಲ್ಲ. ಅವಳು ವಾಸಿಯಾಗಲಿ, ಅಷ್ಟೇ. ಇದು ವಾಸಿಯಾಗುವಂಥದ್ದಲ್ಲ, ಜೊತೆಗಿಟ್ಟುಕೊಂಡು ಬದುಕುವಂಥದ್ದು ಎಂದು ನಿಮ್ಮ ಮೇಡಂ ಆವತ್ತು ಫೋನಿನಲ್ಲಿ ನನಗೆ ಹೇಳಿದರು. ಅಂದಮೇಲೆ ಗ್ಲಾಸು ತುಂಬಿಕೊಂಡು ನಿಂತಾಗ ಕೇಳುವುದು ಏನನ್ನು? ಹೆಚ್ಚು ನಗದಿರಲಿ ಎಂದೇ? ಹೆಚ್ಚು ಅಳದಿರಲಿ ಎಂದೇ? ಎರಡನ್ನೂ ಕೇಳಲು ನನಗೆ ಬಾಯಿ ಬರುವುದಿಲ್ಲ. ಸುಮ್ಮನೆ ಕುಡಿದು ಗ್ಲಾಸು ತೊಳೆದಿಡುತ್ತೇನೆ. ಅಮ್ಮನನ್ನು ಕೇಳಿದರೆ ಅವರ ಹತ್ತಿರ ಉತ್ತರ ಇರುತ್ತದೆ, ನಿನ್ನನ್ನು ಕೇಳಿದರೆ ಹುಬ್ಬು ಏರಿಸುತ್ತೀಯ.

ಕೇಳಬೇಕಾದವಳು ಅಲ್ಲಿ ನಿನ್ನ ಪಕ್ಕದಲ್ಲಿ, ಗಡಿಯಾರ ನೋಡುತ್ತಾ ನಿಂತಿರುತ್ತಾಳೆ. ಫೋನಿನಲ್ಲಿ ಕೇಳಿದರೆ ನನಗೆ ಇಷ್ಟವಾಗುವ ಉತ್ತರ ಕೊಟ್ಟುಬಿಡುತ್ತಾಳೆ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ, ಇದನ್ನು ಅವಳಿಗೆ ತೋರಿಸಬೇಡ. ಸ್ಮರಾಂಡಾ, ಮಾತ್ರೆ ನಾಲಿಗೆಯ ಮೇಲಿರುವಾಗ, ನೀರು ಇನ್ನೂ ಬಾಯಿಗೆ ಬಂದಿಲ್ಲದಾಗ, ಆ ಒಂದು ಗಳಿಗೆಯಲ್ಲಿ ನೀನು ಏನನ್ನು ಬೇಡಿಕೊಳ್ಳುತ್ತೀಯ ಮಗಳೇ?